ಬಾಯಿ ಹಚ್ಚಿದ ಮೈಕು

"ಏ ಮಾದ್ರ ಸೂಳೆಮಗನ, ತಗಿ ಬಾಯಿ ಅದರ ಮ್ಯಾಲಿಂದ."

ನಾನಿನ್ನೂ 'ಹಲೋ' ಎಂಬುದರ ಅರ್ಧ ಅಂದಿದ್ದೆ. ಉಳಿದರ್ಧ ಬಾಯಲ್ಲೇ ನಿಂತಿತು. ಎಂಟು ಬಾಕ್ಸುಗಳಿಂದ ಹೊರಟ ನನ್ನ ಉಸಿರು ಮಿಲ್ಲಿನ ತಗಡಿಗೆ ಬಡಿದು ವಾಪಸು ಬಂತು. ಉಳಿವೆಪ್ಪ ಸಾವುಕಾರ ಮೆಟ್ಟಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಅಕ್ಕಿಆಲೂರಿನಲ್ಲಿ ಅಕ್ಕಿ ಮಿಲ್ಲು ಅವನದು, ಅಂಗಳ ಅವನದು, ಅವತ್ತು ತೊಟ್ಟಿಲಿಗೆ ಹಾಕುವ ಮೊಮ್ಮಗನೂ ಅವನದೇ. ನಾನು ಸೌಂಡಿನವನು.

"ಚೆಕ್ ಮಾಡಾಕತ್ತೇನ್ರಿ ಸಾವ್ಕಾರ್ರ," ಎಂದೆ.

"ಚೆಕ್ ಮಾಡ್ತಾನಂತ. ನಿನ್ನ ಎಂಜಲ ಹತ್ತಿದ್ದನ್ನ ಆಮ್ಯಾಲೆ ನಾ ಬಾಯಿಗೆ ಹಿಡ್ಕೋಬೇಕೇನಲೇ? ಐನಾರು ಮಂತ್ರ ಹೇಳೋ ಮೈಕ ಅದು."

"ಬಾಯಿ ಹಚ್ಚಿಲ್ರಿ. ನಾಕ ಬೆರಳ ದೂರ ಹಿಡದೇನ್ರಿ."

"ನಾಕ ಬೆರಳ ಅಂತ ಲೆಕ್ಕ ಹೇಳ್ತಾನ ಬೋಳಿಮಗ. ನಿನ್ನ ಉಸಿರ ನಾಕ ಬೆರಳ ದಾಟಂಗಿಲ್ಲೇನ?"

ಅಂಗಳದಲ್ಲಿ ಕುರ್ಚಿ ಹಾಕುತ್ತಿದ್ದವರು ನಕ್ಕರು. ಸಾವುಕಾರನ ಅಣ್ಣನ ಮಗ ಸಾಗರ ಒಳಗೆ ಹೋಗಿ ತಂಬಿಗೆ ತುಂಬ ನೀರು ತಂದ. ನಾನು ಕಾರ್ಡ್‌ಲೆಸ್ ಮೈಕನ್ನು ಕೈಯಲ್ಲಿ ಹಿಡಿದಿದ್ದಂತೆಯೇ ಅದರ ತಲೆಯ ಮೇಲೆ ಸುರುವಿದ. ನೀರು ಜಾಳಿಗೆಯೊಳಗೆ ಇಳಿದು, ಮೈಕಿನ ಹೊಟ್ಟೆಯಿಂದ ಹಾಯ್ದು ನನ್ನ ಅಂಗಿಯ ತೋಳಿಗೆ ಬಂತು. ತೊಳೆದದ್ದಾಯಿತು ಎಂದು ಅವನು ತಂಬಿಗೆ ಕೆಳಗಿಟ್ಟ. ಅದರ ಜೀವ ಅಲ್ಲೇ ಹೋಗಿತ್ತು.

ತಾಸಿನ ಮೇಲೆ ಐನಾರು ಅದನ್ನು ಹಿಡಿದು ಮಂತ್ರ ಶುರು ಮಾಡಿದರೆ ಬರೀ ಕರಕರ. ಸಾವುಕಾರ ನನ್ನ ಕಡೆ ತಿರುಗಿ, "ಮೈಕ ಕೆಡಿಸಿಟ್ಟೀ ಏನಲೇ?" ಎಂದ.

"ನೀರ ಹಾಕಿದಾವ್ರನ್ನ ಕೇಳ್ರಿ," ಎಂದೆ.

ನಾನು ಅಂದದ್ದು ಇಷ್ಟೇ. ಸಾಗರ ಬಂದು ನನ್ನ ಕೆನ್ನೆಗೆ ಹೊಡೆಯಲಿಲ್ಲ, ಮುಟ್ಟಿದರೆ ಮತ್ತೆ ಮೈ ತೊಳೆದುಕೊಳ್ಳಬೇಕಲ್ಲ. ಎಲ್ಲ ಮೈಕಿನ ದನಿ ಕೂಡಿಸುವ ಮಿಕ್ಸರಿನ ಕೆಳಗಿದ್ದ ನನ್ನ ಚೀಲವನ್ನು ಕೋಲಿನಿಂದ ಎತ್ತಿಕೊಂಡು ಹೋಗಿ, ಭತ್ತ ನೆನೆಸುವ ತೊಟ್ಟಿಗೆ ಬಿಟ್ಟ.

ಆ ಚೀಲದಲ್ಲಿ ಏನಿತ್ತು ಎಂದು ಕುರ್ಚಿ ಹಾಕುವವರಿಗೆ ಗೊತ್ತಿಲ್ಲ. ಹದಿನಾಲ್ಕು ವರ್ಷದ ನನ್ನ ಬದುಕಿತ್ತು. ವೈರು ಎಲ್ಲಿ ಒಳಗೇ ಕಡಿದಿದೆ ಎಂದು ಹೇಳುವ ಟೆಸ್ಟರು, ಬೆಸುಗೆ ಹಾಕುವ ಕಡ್ಡಿ, ಹುಬ್ಬಳ್ಳಿಯಲ್ಲಿ ಹಳೆ ಸಾಮಾನಿನ ಅಂಗಡಿಯಲ್ಲಿ ಮೂರು ಸಲ ಹೋಗಿ ಬಂದು ಕೊಂಡ ಮಲ್ಟಿಮೀಟರು, ಸಣ್ಣ ಬ್ಯಾಟರಿ, ಕಪ್ಪು ಟೇಪು. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಹೆಡ್‌ಫೋನು. ಅದನ್ನು ಕಿವಿಗೆ ಹಾಕಿಕೊಂಡರೆ ಹಚ್ಚಿದ ಮೈಕುಗಳಲ್ಲಿ ಯಾವುದು ಕೊರಗುತ್ತಿದೆ ಎಂದು ನನಗೊಬ್ಬನಿಗೇ ಗೊತ್ತಾಗುತ್ತಿತ್ತು. ಸೆಟ್ಟು ಮಾಲಕನದು. ಚೀಲ ನನ್ನದು.

ನಾನು ಎದ್ದು ತೊಟ್ಟಿಯ ಕಡೆ ಹೋಗುವಷ್ಟರಲ್ಲಿ ಅವ್ವ ಹೋಗಿದ್ದಳು. ತಿಪ್ಪವ್ವ, ನನ್ನ ತಾಯಿ, ಇಪ್ಪತ್ತೆರಡು ವರ್ಷದಿಂದ ಅದೇ ಮಿಲ್ಲಿನಲ್ಲಿ ಹೊಟ್ಟು ಬಳಿಯುತ್ತಾಳೆ. ಕಸಬರಿಗೆ ಗೋಡೆಗೆ ನಿಲ್ಲಿಸಿ, ಸೀರೆ ಎತ್ತಿ ಕಟ್ಟಿ, ಸೊಂಟಮಟ್ಟ ನೀರಿಗೆ ಇಳಿದಳು. ತಳದಲ್ಲಿ ಕಾಲಾಡಿಸಿ ಹುಡುಕಿ, ಒಂದೊಂದೇ ಎತ್ತಿ ದಂಡೆಗಿಟ್ಟಳು. ಬಂದ ಬೀಗರೆಲ್ಲ ಬಗ್ಗಿ ನೋಡಿದರು.

"ನೋಡ್ರಪಾ, ತೊಟ್ಟೀನೂ ಹೊಲಸ ಮಾಡಿದ್ಲು," ಎಂದ ಸಾವುಕಾರ. "ಏ ತಿಪ್ಪಿ, ಆ ನೀರ ಪೂರಾ ಹೊರಗ ಹೊಡದು, ತಿಕ್ಕಿ ತೊಳದ ಹೋಗಬೇಕ ಮತ್ತ."

ಅವಳು "ಹೂಂನ್ರಿ ಎಪ್ಪಾ" ಎಂದಳು. ಸಂಜೆಯ ತನಕ ಕೊಡದಿಂದ ನೀರು ಹೊರಗೆ ಚೆಲ್ಲಿದಳು. ನಾನು ಏನೂ ಮಾಡಲಿಲ್ಲ. ಕೇಬಲ್ ಸುತ್ತುತ್ತ ನಿಂತೆ. ಆ ಮಧ್ಯಾಹ್ನ ನೆನಪಾದರೆ ಈಗಲೂ ಹಲ್ಲು ಕಟಕಟ ಕಡಿಯುತ್ತೇನೆ. ಮೊದಲ ಸಿಟ್ಟು ಅವರ ಮೇಲಲ್ಲ, ನನ್ನ ಕೈಗಳ ಮೇಲೆ. ಅಂಥ ಹೊತ್ತಿನಲ್ಲೂ ಕೇಬಲ್ ಗಂಟು ಬೀಳದ ಹಾಗೆ ಚೆಂದಾಗಿ ಸುತ್ತಿದ್ದವಲ್ಲ, ಅದಕ್ಕೆ.

ಮರುದಿನ ಅವ್ವ ಮಾದರ ಓಣಿಯ ನಮ್ಮ ಮನೆಯ ಮುಂದೆ ಗೋಣಿಚೀಲ ಹಾಸಿ ಎಲ್ಲವನ್ನೂ ಹಪ್ಪಳದಂತೆ ಒಣಗಿಸಿದಳು. ಟೆಸ್ಟರು ಉಳಿಯಿತು. ಮಲ್ಟಿಮೀಟರು ಸತ್ತಿತು. ಹೆಡ್‌ಫೋನಿನಲ್ಲಿ ಬಲಗಿವಿ ಹೋಗಿ ಎಡಗಿವಿ ಮಾತ್ರ ಉಳಿಯಿತು. ಅವಳು ಅದನ್ನು ಕಿವಿಗೆ ಹಿಡಿದು ನೋಡಿ ಕೆಳಗಿಟ್ಟಳು.

"ಮಗಾ, ಹದಿನಾಕ ವರ್ಷ ಮಂದಿ ದನಿ ದೊಡ್ಡದ ಮಾಡಾಕತ್ತೀ. ನಾ ಒಂದ ದಿನಾನೂ ಅದರಾಗ ಹಲೋ ಅಂದಿಲ್ಲ ನೋಡು."

"ಅನ್ನಸ್ತೇನಿ ತಗೋ ಅವ್ವಾ."

"ಯಾವಾಗ, ನಾ ಸತ್ತ ಮ್ಯಾಲೇನ?" ಎಂದು ನಕ್ಕಳು. ತೊಟ್ಟಿಯ ಸುದ್ದಿ ತೆಗೆಯಲೇ ಇಲ್ಲ. ಅದು ನನ್ನನ್ನು ಇನ್ನಷ್ಟು ಸುಟ್ಟಿತು.

ನನ್ನ ಮಾಲಕ ರಾಜೇಸಾಬ. ಸವಣೂರಿನವನು, ಹಾನಗಲ್ ಬಸ್‌ಸ್ಟ್ಯಾಂಡಿನ ಹಿಂದೆ ಅವನ ಗೋದಾಮು. ಮನುಷ್ಯ ಒಳ್ಳೆಯವನು, ಆದರೆ ಅಂಜುಬುರುಕ. ತಿಂಗಳೊಪ್ಪತ್ತಿಗೆ ನನ್ನನ್ನು ಕರೆದು ಚಹಾ ತರಿಸಿದ. ಚಹಾ ತರಿಸಿದನೆಂದರೆ ಏನೋ ನುಂಗಿಸುವುದಿದೆ ಎಂದೇ ಅರ್ಥ.

"ಫಕ್ಕೀರೇಶಾ, ಉಳಿವೆಪ್ಪ ಸಾವ್ಕಾರ ಹೊಸಾ ಮಿಲ್ ತಗಿಯಾಕತ್ತಾನ. ನಾಕ ಸಾವಿರ ಮಂದಿ. ಸೆಟ್ ನಮ್ಮದ ಬೇಕಂತ. ಈ ಡಿಜಿಟಲ್ ಮಿಕ್ಸರ್ ನಿನ್ನ ಬಿಟ್ರ ಯಾರಿಗೂ ಬರಂಗಿಲ್ಲ ಅಂತ ಅವನಿಗೂ ಗೊತ್ತೈತಿ."

"ಮತ್ತೇನ ಕಾಕಾ?"

ಅವನು ಬಸಿಯಲ್ಲಿ ಚಹಾ ಆರಿಸುತ್ತ, "ನೀ ಮೈಕಿಗೆ ಬಾಯಿ ಹಚ್ಚಬಾರದಂತ. ಹಲೋ ಅನ್ನೂದು ಸಾಗರಪ್ಪನ ಕೆಲಸ. ನೀ ಹಿಂದ ಮಿಕ್ಸರ್ ಮುಂದ ಸುಮ್ಮ ಕುಂತರಾತು," ಎಂದ. ನಂತರ ನನ್ನ ಮುಖ ನೋಡದೆ, "ಒಲ್ಲೆ ಅಂದ್ರ ಹಾನಗಲ್ಲಿಂದ ಹಿರೇಕೆರೂರ ತನಕ ನಮ್ಮ ಸೆಟ್ಟಿಗೆ ಒಂದ ಕಾರ್ಯ ಸಿಗದಂಗ ಮಾಡ್ತಾನ. ನೀ ಸಿಟ್ಟ ನುಂಗ್ಕೋಪಾ," ಎಂದ.

ಹಲೋ ಅನ್ನದ ಸೌಂಡಿನವನು ಬಾಕ್ಸು ಹೊರುವ ಹಮಾಲ, ಅಷ್ಟೇ. ದನಿ ಹೇಗೆ ಬರುತ್ತದೆ, ಎಲ್ಲಿ ಗುಂಯ್ಗುಡುತ್ತದೆ, ಎಲ್ಲಿ ಸಾಯುತ್ತದೆ ಎಂದು ನಾನು ತಿಳಿಯುವುದೇ ನನ್ನ ದನಿ ಹಾಕಿ. ಆ ಎರಡಕ್ಷರ ನನ್ನಿಂದ ಕಿತ್ತುಕೊಂಡರೆ ಹದಿನಾಲ್ಕು ವರ್ಷ ನಾನು ಕಲಿತದ್ದು ಮಣ್ಣು. ಅದನ್ನು ವಾಪಸು ಪಡೆಯಬೇಕಿತ್ತು, ಅವನ ಅಂಗಳದಲ್ಲೇ, ಅವನ ಮಂದಿಯ ಮುಂದೆಯೇ.

"ಆತು ಕಾಕಾ, ಬರ್ತೇನಿ," ಎಂದೆ.

ರಾಜೇಸಾಬ ಬಸಿ ಕೆಳಗಿಟ್ಟು ನನ್ನನ್ನೇ ನೋಡಿದ. "ನೀ ಇಷ್ಟ ಲಗೂನ ಒಪ್ಪಾಂವಲ್ಲ. ಸೆಟ್ ಗಿಟ್ ಕೆಡಸ್ತೀ ಏನ?"

"ಸೆಟ್ಟಿಗೆ ಒಂದ ಗೀರ ಬೀಳಂಗಿಲ್ಲ. ನಿಮ್ಮಾಣಿ."

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಗಾಡಿಗೆ ಹೇರುವ ಮುಂಚೆ ಗೋದಾಮಿನಲ್ಲೇ ಪ್ರತಿ ಮೈಕನ್ನೂ ಹಚ್ಚಿ ನೋಡುತ್ತೇವೆ. ಅಲ್ಲಿ ಹೋದ ಮೇಲೆ ಸತ್ತ ಮೈಕು ಸಿಕ್ಕರೆ ಮರ್ಯಾದೆ ಹೋಗುತ್ತದೆ. ಅಂಗಳದಲ್ಲಿ ಅನ್ನುವ ಹಲೋ ಎರಡನೆಯದು. ಮೊದಲನೆಯದು ಯಾವಾಗಲೂ ಗೋದಾಮಿನಲ್ಲಿ ಆಗಿರುತ್ತದೆ. ಊರು ತಿಂದು ಕೊಬ್ಬಿದ ಸಾವುಕಾರನಿಗೆ ಇಷ್ಟು ಸಣ್ಣ ಸಂಗತಿ ಗೊತ್ತಿರಲಿಲ್ಲ.

ಆ ಮುಂಜಾನೆ ಏಳು ಮೈಕುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಹದಿನಾಲ್ಕು ವರ್ಷ ನಾಲ್ಕು ಬೆರಳು ದೂರ ಹಿಡಿದವನು ನಾನು. ಅವತ್ತು ತುಟಿ ಒತ್ತಿ ಹಿಡಿದೆ. ಹಲೋ ಅಂದೆ. ಆಮೇಲೆ ನಾಲಿಗೆ ಚಾಚಿ ಜಾಳಿಗೆಯನ್ನು ಸುತ್ತ ನೆಕ್ಕಿದೆ. ಕಬ್ಬಿಣ ಉಪ್ಪುಪ್ಪಾಗಿತ್ತು. ಎಷ್ಟು ಜನರ ಬೆವರೋ, ಯಾರ್ಯಾರ ಉಗುಳೋ. ಹೇಸಿಗೆ ಎನಿಸಲಿಲ್ಲ, ಹೊಟ್ಟೆ ತಣ್ಣಗಾಗತೊಡಗಿತು. ಒಂದು, ಎರಡು, ಮೂರು, ಏಳೂ ಆದವು. ತಲೆ ಎತ್ತಿದರೆ ಬಾಗಿಲಲ್ಲಿ ರಾಜೇಸಾಬ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ತಿರುಗಿ ಹೋಗಿ ಗಾಡಿಯ ಹಗ್ಗ ಬಿಗಿದ.

ಹೊಸ ಮಿಲ್ಲಿನ ಅಂಗಳದಲ್ಲಿ ಸಾಗರ ಕೈ ತೊಳೆದುಕೊಂಡು ಕಾಯುತ್ತಿದ್ದ. ಹುಬ್ಬಳ್ಳಿಯಿಂದ ಕೆಂಪು ಸ್ಪಂಜಿನ ಟೊಪ್ಪಿಗೆಗಳನ್ನು ತರಿಸಿದ್ದ, ಮೈಕಿನ ತಲೆಗೆ ಹಾಕಲಿಕ್ಕೆ. ಪ್ಲಾಸ್ಟಿಕ್ ಚೀಲವನ್ನು ನನ್ನ ಕಣ್ಣ ಮುಂದೆಯೇ ಹರಿದು, ಏಳೂ ಮೈಕಿಗೆ ಒಂದೊಂದು ತೊಡಿಸಿದ.

"ಈಗ ಮುಟ್ಟೀ ಅಂದ್ರ ಕೈ ಕಡೀತೇನಿ," ಎಂದ.

"ಇಲ್ರಿ ಸಾಗರಪ್ಪಾರ, ನೀವ ಅನ್ರಿ ಹಲೋ."

ಅವನು ಮೈಕಿನ ಕುತ್ತಿಗೆ ಹಿಚುಕಿ ಹಿಡಿದು, ನೆಟ್ಟಗೆ ಬಾಕ್ಸಿನ ಮುಂದೆ ಹೋಗಿ ನಿಂತು ಹಲೋ ಅಂದ. ಅದು ಕಿವಿ ಹರಿಯುವ ಹಾಗೆ ಕಿರುಚಿತು. ಹೆಂಗಸರು ಕಿವಿ ಮುಚ್ಚಿಕೊಂಡರು. ಸಾವುಕಾರ ವೇದಿಕೆಯಿಂದಲೇ ನನ್ನ ತಾಯಿಯ ಹೆಸರೆತ್ತಿ ನನ್ನನ್ನು ಬೈದ. ನಾನು ತಲೆ ಬಗ್ಗಿಸಿ ದನಿ ಸರಿ ಮಾಡಿದೆ. ಕೆಡಿಸಬೇಕೆಂದಿದ್ದರೆ ಆಗಲೇ ಕೆಡಿಸಬಹುದಿತ್ತು. ನನಗೆ ಅವತ್ತು ಬೇಕಾದದ್ದು ಗಾಜಿನಂಥ ಸ್ವಚ್ಛ ದನಿ, ಕಟ್ಟಕಡೆಯ ಸಾಲಿನವರೆಗೂ ಒಂದಕ್ಷರ ತಪ್ಪದ ಹಾಗೆ. ಜೀವ ಹಾಕಿ ದನಿ ಕೂಡಿಸಿದೆ.

ಹನ್ನೊಂದಕ್ಕೆ ಅಂಗಳ ತುಂಬಿತು. ವೇದಿಕೆಯ ಮೇಲೆ ಐನಾರು, ದೊಡ್ಡ ಮಂದಿ, ಪ್ರತಿಯೊಬ್ಬರ ಮುಂದೆ ಕೆಂಪು ಟೊಪ್ಪಿಗೆಯ ಮೈಕು. ಮಿಲ್ಲಿನಲ್ಲಿ ದುಡಿಯುವವರು ಹಿಂದೆ, ಹಗ್ಗದ ಆಚೆ, ನೆಲದ ಮೇಲೆ. ಅವ್ವ ಕಸಬರಿಗೆ ಹಿಡಿದು ವೇದಿಕೆಯ ಮಗ್ಗುಲಲ್ಲಿ ನಿಂತಿದ್ದಳು, ಹೂವು ಬಿದ್ದರೆ ಬಳಿಯಲಿಕ್ಕೆ. ನಾನು ಜನರ ನಡುವೆ, ಮಿಕ್ಸರಿನ ಮುಂದೆ.

ಉಳಿವೆಪ್ಪ ಸಾವುಕಾರ ಎದ್ದ. ಅವನಿಗೆ ಮೈಕು ಬಾಯಿಗೆ ಅಂಟಿಸಿಕೊಂಡು ಮಾತಾಡುವ ಚಟ. ಮೀಸೆ ಟೊಪ್ಪಿಗೆಗೆ ತಾಗುತ್ತಿತ್ತು. ತನ್ನ ಅಪ್ಪ ಪಟ್ಟ ಕಷ್ಟ ಹೇಳಿದ, ತಾನು ಕೊಟ್ಟ ದಾನ ಹೇಳಿದ. ಆಮೇಲೆ ದನಿ ಇಳಿಸಿ, "ಈ ಮಿಲ್ಲಿನ್ಯಾಗ ದುಡಿಯಾವ್ರೆಲ್ಲಾ ನಮ್ಮ ಮನಿ ಮಂದೀನ. ಮ್ಯಾಲಿನಾವ ಕೆಳಗಿನಾವ ಅನ್ನೂದು ನಮ್ಮ ಅಂಗಳದಾಗ ಇಲ್ಲ," ಎಂದ. ಮುಂದಿನ ಸಾಲು ಚಪ್ಪಾಳೆ ತಟ್ಟಿತು.

ಮಿಕ್ಸರಿನ ಮಗ್ಗುಲಲ್ಲಿ ಹೆಬ್ಬೆರಳಿನಷ್ಟು ಸಣ್ಣ ಮೈಕೊಂದು ಇರುತ್ತದೆ. ವೇದಿಕೆಯವರ ಜೊತೆ ನಾವು ಮಾತಾಡಲಿಕ್ಕೆ ಇಟ್ಟದ್ದು. ಗುಂಡಿ ಒತ್ತಿದರೆ ಇಡೀ ಸೆಟ್ಟಿಗೂ ಹೋಗುತ್ತದೆ. ಒತ್ತಿದೆ.

"ಹಲೋ. ಹಲೋ. ಸಾವ್ಕಾರ್ರ, ನಾ ಫಕ್ಕೀರೇಶ ಮಾತಾಡಾಕತ್ತೇನ್ರಿ. ಸೌಂಡಿನಾಂವ. ತಿಪ್ಪವ್ವನ ಮಗ."

ನಾಲ್ಕು ಸಾವಿರ ತಲೆ ನನ್ನ ಕಡೆ ತಿರುಗಿದವು. ಸಾವುಕಾರ ಮೈಕು ಬಾಯಿಗೆ ಹಿಡಿದಂತೆಯೇ ನಿಂತ.

"ಹನ್ನೊಂದು ವರ್ಷ ಆತ್ರಿ ನಿಮ್ಮ ಮನಿ ಕಾರ್ಯಕ್ಕ ಬರಾಕತ್ತು. ನಿಮ್ಮ ಮಗಳ ಮದವ್ಯಾಗ ನೀವು ಹಿಡದ ಮೈಕಿಗೆ ಮೊದಲ ಹಲೋ ಅಂದಾಂವ ನಾನ್ರಿ. ನಿಮ್ಮ ಅಪ್ಪಾರ ಪುಣ್ಯತಿಥಿಗೆ ಐನಾರು ಮಂತ್ರ ಹೇಳಿದ್ರಲ್ಲ, ಅದಕ್ಕೂ ಮೊದಲ ಬಾಯಿ ನಂದ. ಇಲೆಕ್ಷನ್ಯಾಗ ನೀವು ನಮ್ಮ ಓಣಿಗೆ ಬಂದು ಓಟ ಕೇಳಿದ ಮೈಕೂ ಅಷ್ಟ. ಇವತ್ತ ಮುಂಜಾನೆ ಹಾನಗಲ್ ಗೋದಾಮಿನ್ಯಾಗ ಈ ಏಳೂ ಮೈಕಿಗೆ ನಾಲಗಿ ಹಚ್ಚಿ ನೆಕ್ಕೇನ್ರಿ. ಅದರ ಮ್ಯಾಲ ಸಾಗರಪ್ಪ ಟೊಪ್ಪಿಗಿ ಹಾಕ್ಯಾನ್ರಿ. ಈಗ ನಿಮ್ಮ ಬಾಯಿಗೆ ಹತ್ತೇತಲ್ಲ, ಅದ. ಮೈಕ್ ಚೆಕ್ ಮುಗೀತ್ರಿ. ಮುಂದ ಹೇಳ್ರಿ."

ಗುಂಡಿಯಿಂದ ಕೈ ತೆಗೆದೆ.

ಸಾವುಕಾರ "ಥೂ" ಎಂದು ಉಗುಳಿದ. ಮೈಕು ಬಾಯ ಹತ್ತಿರವೇ ಇತ್ತು. ನಾನು ಅಷ್ಟು ಸ್ವಚ್ಛ ಕೂಡಿಸಿದ್ದ ದನಿಯಲ್ಲಿ ಆ ಉಗುಳು ಎಂಟೂ ಬಾಕ್ಸಿನಿಂದ ಹೊರಟು ಹಗ್ಗದ ಆಚೆ ಕೂತವರ ಮುಖದ ಮೇಲೆ ಹೋಗಿ ಬಿತ್ತು. ಅವನು ಹೇಳಿದ ಆ ಮನೆ ಮಂದಿ ಒಬ್ಬೊಬ್ಬರಾಗಿ ಎದ್ದು ನಿಂತರು.

ಅವನು ಮೈಕು ಎಸೆದ. ಧಡ್ ಎಂದಿತು. ಆಮೇಲೆ ಕೈ ಬೀಸಿ ಏನೇನೋ ಒದರಿದ. ಮೈಕಿಲ್ಲದ ದನಿ ಎರಡನೇ ಸಾಲಿಗೂ ಮುಟ್ಟಲಿಲ್ಲ. ಮುಂದೆ ಇನ್ನೂ ಆರು ಮೈಕುಗಳಿದ್ದವು. ಒಂದರ ಕಡೆ ಕೈ ಚಾಚಿದ, ಹಿಂದೆ ತೆಗೆದ. ಇನ್ನೊಂದನ್ನು ನೋಡಿದ. ಐನಾರು ಕುರ್ಚಿಯನ್ನೇ ಹಿಂದಕ್ಕೆ ಎಳೆದುಕೊಂಡರು. ಆರು ಕೆಂಪು ಟೊಪ್ಪಿಗೆಗಳ ನಡುವೆ ಉಳಿವೆಪ್ಪ ಸಾವುಕಾರನ ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿತ್ತು. ಅದನ್ನು ನಾನು ಕಣ್ತುಂಬ ನೋಡಿದೆ.

ಸಾಗರ ಮತ್ತು ಇನ್ನೂ ಮೂವರು ಕುರ್ಚಿ ಬೀಳಿಸುತ್ತ ನನ್ನ ಕಡೆ ಓಡಿ ಬರುತ್ತಿದ್ದರು. ನಾನು ಹೆಡ್‌ಫೋನು ಹಾಕಿಕೊಂಡೆ. ಉಳಿದಿದ್ದ ಎಡಗಿವಿಯಲ್ಲಿ ಕೆಳಗೆ ಬಿದ್ದ ಮೈಕು ಉರುಳುವ ಸದ್ದು ಕೇಳಿತು. ಸತ್ತಿರಲಿಲ್ಲ. ನಂತರ ಕಾಲಿನ ಸಪ್ಪಳ. ತಲೆ ಎತ್ತಿದರೆ ಅವ್ವ ವೇದಿಕೆ ಹತ್ತಿದ್ದಳು. ಕಸಬರಿಗೆಯನ್ನು ಸಾವುಕಾರನ ಕುರ್ಚಿಗೆ ಒರಗಿಸಿ, ಬಗ್ಗಿ, ಮೈಕು ಎತ್ತಿಕೊಂಡಳು. ಕೆಂಪು ಟೊಪ್ಪಿಗೆಯನ್ನು ಕಿತ್ತು, ಹೂವು ಬಳಿದು ಹಾಕಿದ ಗುಪ್ಪೆಯೊಳಗೆ ಒಗೆದಳು. ಬರೀ ಜಾಳಿಗೆಗೆ ಬಾಯಿ ಹಚ್ಚಿದಳು.

"ಹಲೋ," ಎಂದಳು.

ದನಿ ಸಣ್ಣಗೆ ಬಂತು. ಸಾಗರನ ಕೈ ನನ್ನ ಕೊರಳಪಟ್ಟಿಗೆ ಬಿದ್ದಿತ್ತು. ಈ ಸಲ ಅವನು ಮುಟ್ಟಿದ್ದ. ನಾನು ಅವಳ ಮೈಕಿನ ದನಿ ಏರಿಸುವ ಫೇಡರು ಹುಡುಕಿ ಪೂರಾ ಮೇಲಕ್ಕೆ ಎತ್ತಿದೆ.