ದಾರ ಕಟ್ಟಿದ ಬೆರಳು

ಸೂಕ್ಷ್ಮದರ್ಶಕದ ಕೆಳಗೆ ತಂಗಿಯ ರಕ್ತ ಹರಡಿತ್ತು. ತೆಳುಗುಲಾಬಿ ಕೆಂಪುಕಣಗಳ ನಡುವೆ ನೇರಳೆ ಬಣ್ಣ ಹೀರಿದ ಬಿಳಿರಕ್ತಕಣಗಳು. ಗಾಜಿನ ಮೇಲೆ ಒಣಗಿದವು ತೇಲುವುದಿಲ್ಲ, ನನಗೆ ಗೊತ್ತು. ಆದರೂ ಪ್ರಯೋಗಾಲಯದ ಮಧ್ಯಾಹ್ನದ ಮೌನದಲ್ಲಿ ಅವು ಎಲ್ಲಿಗೋ ಹೊರಟಂತೆ ಕಂಡವು.

ಹೆಚ್ಚಿನವು ಎಳೆಯವು. ಬಲಿತ ಕಣದ ಒಳಬೀಜ ಮಣಿ ಪೋಣಿಸಿದಂತಿರುತ್ತದೆ. ಇವುಗಳದ್ದು ಇನ್ನೂ ಕುದುರೆ ಲಾಳದಂತೆ ಬಾಗಿತ್ತು. ಸೋಂಕು ಜೋರಾದಾಗ ಮೂಳೆಯೊಳಗಿನ ಮಜ್ಜೆ, ಬಲಿಯುವ ತನಕ ಕಾಯದೆ, ಬ್ಯಾಕ್ಟೀರಿಯಾಗಳನ್ನು ನುಂಗಲು ಇವನ್ನೂ ಕಳಿಸಿಬಿಡುತ್ತದೆ.

ಸೈನ್ಯ ಹೊರಟಿದೆ. ಹಾಗಿದ್ದೂ ತಂಗಿಯ ಬೆರಳೇಕೆ ತಣ್ಣಗಿದೆ?

ತಂಗಿ ದರ್ಜಿ. ಸೂಜಿ ಚುಚ್ಚಿದ ತೋರುಬೆರಳಿನ ತುದಿ ಕಪ್ಪಿಡುತ್ತಿತ್ತು. ನಾಳೆಯೂ ಹೀಗೇ ಇದ್ದರೆ ತುದಿ ಕತ್ತರಿಸಬೇಕಾದೀತು ಎಂದಿದ್ದರು ಡಾಕ್ಟರು.

ಮನೆಗೆ ಹೋದಾಗ ಅವಳು ಜ್ವರದಲ್ಲಿ, ಅರ್ಧ ಹೊಲಿದ ಬಿಳಿ ಬಟ್ಟೆಯ ರಾಶಿಗೆ ಒರಗಿ ತೂಕಡಿಸುತ್ತಿದ್ದಳು.

"ಅಕ್ಕಾ, ಕನಸಲ್ಲಿ ಯಾರೋ ಬಾಗಿಲು ಬಡೀತಾನೇ ಇದ್ರು."

"ತೆಗೀಬಾರ್ದಿತ್ತಾ?"

"ಕೈಯಲ್ಲಿ ಹೊಲಿಗೆ ಇತ್ತಲ್ಲ. ನಿನ್ನ ಹಾಗೆ ಕೊಳವೇಲಿ ಇಣುಕ್ತಾ ಕೂತ್ರೆ ನಮ್ಮ ಹೊಟ್ಟೆ ತುಂಬುತ್ತಾ?"

ಬೆರಳಿನ ಪಟ್ಟಿ ಬಿಚ್ಚಿದೆ. ಬುಡದಲ್ಲಿ, ಊದಿದ ಚರ್ಮದ ಮಡಿಕೆಯೊಳಗೆ, ಬಿಗಿಯಾಗಿ ಸುತ್ತಿದ ಬಿಳಿ ದಾರ.

"ಏನೇ ಇದು?"

"ಸೂಜಿ ಚುಚ್ಚಿದ್ರೆ ನಾವೆಲ್ಲ ಹೀಗೇ ಕಟ್ಕೊಳ್ಳೋದು, ರಕ್ತ ಬಟ್ಟೆಗೆ ತಾಗದ ಹಾಗೆ. ಡಾಕ್ಟ್ರ ಹತ್ರ ಹೋಗುವಾಗ ಬಿಚ್ಚಿದ್ದೆ. ಆಮೇಲೆ ನಂಜು ಮೇಲೆ ಏರದೇ ಇರ್ಲಿ ಅಂತ ಮತ್ತೆ ಕಟ್ಟಿದೆ."

"ಜಾಣೆ ಕಣೇ ನೀನು! ಕಳ್ಳ ಒಳಗಿದ್ದಾನೆ, ಪೊಲೀಸ್ರು ಬರೋ ದಾರೀಗೆ ಬೀಗ ಹಾಕಿದ್ದೀಯ. ಮಾತ್ರೆ ಬರೋದೂ ಅದೇ ದಾರೀಲಿ."

ಅವಳದೇ ಕತ್ತರಿಯ ತುದಿ ತೂರಿಸಿ ದಾರ ಕತ್ತರಿಸಿದೆ. ಏನೂ ಆಗಲಿಲ್ಲ. ತಣ್ಣನೆಯ ಬೆರಳನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತೆ. ಅವಳು ಮತ್ತೆ ನಿದ್ದೆಗೆ ಜಾರಿದಳು. ನನ್ನ ಕಣ್ಣೂ ಮುಚ್ಚಿತು. ರೆಪ್ಪೆಯೊಳಗೆ ಆ ನೇರಳೆ ಕಣಗಳು ರಕ್ತನಾಳದ ಗೋಡೆಗೆ ತಾಗಿ ನಿಧಾನವಾಗಿ ಉರುಳಿದವು, ನಿಂತವು, ಮೈಯನ್ನು ದಾರದಷ್ಟು ಸಪೂರ ಮಾಡಿಕೊಂಡು ಗೋಡೆಯ ಸಂದಿಯಿಂದ ನುಸುಳಿದವು. ನುಂಗಿದವು. ನುಂಗಿ ಅಲ್ಲೇ ಮಲಗಿದವು.

ಅಂಗೈ ಬೆಚ್ಚಗಾಯಿತು. ಬೆರಳು ಕೆಂಪಾಗತೊಡಗಿತ್ತು.

"ಅಯ್ಯೋ, ಉರೀತಿದೆ! ಏನು ಮಾಡಿದ್ಯೇ ಪಾಪಿ?"

"ಬೈಯಿ, ಇನ್ನೂ ಬೈಯಿ," ಎಂದೆ.

ಮರುದಿನ ಡಾಕ್ಟರು ಉಗುರನ್ನು ಒತ್ತಿ ಬಿಟ್ಟರು. ಬಿಳುಪಾದದ್ದು ರಕ್ತ ಮರಳಿ ಮೆಲ್ಲಗೆ ಗುಲಾಬಿಯಾಯಿತು. ಅವರು ಕೀವನ್ನಷ್ಟೇ ತೆಗೆದರು.

"ಥೂ, ಬೇಗ ಎಸಿ ಅದನ್ನ," ಎಂದಳು ತಂಗಿ, ಕೀವು ಮೆತ್ತಿದ ಹತ್ತಿ ನೋಡಿ.

"ಮೆಲ್ಲಗೆ ಕಣೇ. ಆ ಕೀವೆಲ್ಲ ಬಿಳಿರಕ್ತಕಣ. ನಿನ್ನ ಬೆರಳಿಗೋಸ್ಕರ ಸತ್ತವು ಅವು."

ಅವಳು ಮೂಗು ಮುಚ್ಚಿದ್ದ ಕೈಯನ್ನು ಇಳಿಸಿದಳು.