ಎಜ್ರಾ ನಾಬ್ಸ್ ಎಂಬ ಕಳ್ಳ

ನಾರ್ಫೋಕ್ ದ್ವೀಪದಲ್ಲಿ ಮನೆಗೆ ಬೀಗ ಹಾಕುವವಳು ನಾನೊಬ್ಬಳೇ. ಅದಕ್ಕೇ ನನಗೆ ಚಿಲಕ ಅಂತ ಹೆಸರು. ಆಕ್ಲೆಂಡಿನಿಂದ ಮದುವೆಯಾಗಿ ಬಂದ ಮೊದಲ ವಾರ, ನಾನು ಬಾಗಿಲು ಜಗ್ಗಿ ನೋಡಿ ಅಂಗಡಿಗೆ ಹೊರಟದ್ದು ಯಾರದೋ ಕಣ್ಣಿಗೆ ಬಿತ್ತು. ಇಲ್ಲಿ ಅಡ್ಡಹೆಸರು ಒಮ್ಮೆ ಅಂಟಿತೆಂದರೆ ಮುಗಿಯಿತು, ಟೆಲಿಫೋನ್ ಪುಸ್ತಕದಲ್ಲೂ ಅದೇ ಅಚ್ಚಾಗುತ್ತದೆ. ಮೂವತ್ತನಾಲ್ಕು ವರ್ಷವಾಯಿತು. ಉಳಿದವರು ಕಾರಿನಲ್ಲೇ ಕೀಲಿ ಬಿಟ್ಟು ಸಮುದ್ರಕ್ಕೆ ಇಳಿಯುತ್ತಾರೆ. ಇಳಿಯಲಿ, ಅದು ಅವರ ಹಣೆಬರಹ.

ನನ್ನ ಗಂಡ ಬೆಣ್ಣೆ ತೀರಿಕೊಂಡು ಮೂರು ವರ್ಷ. ಅವನು ಬಿಟ್ಟುಹೋದದ್ದು ಆರು ಕೋಣೆಯ ವಸತಿಗೃಹ ಮತ್ತು ಅದರ ವೆಬ್‌ಸೈಟು. ಸಿಡ್ನಿಯಿಂದ, ಬ್ರಿಸ್ಬೇನಿನಿಂದ ಬರುವ ಮುದುಕ ಮುದುಕಿಯರೆಲ್ಲ ಆ ಸೈಟು ನೋಡಿಯೇ ಕೋಣೆ ಹಿಡಿಯುವುದು. ಹತ್ತು ಸಲ ಬಂದವರೂ ಸೈಟಿನ ಹೆಸರನ್ನೇ ಒತ್ತುತ್ತಾರೆ, ನನ್ನ ಫೋನ್ ನಂಬರ್ ಅವರಿಗೆ ನೆನಪಿರುವುದಿಲ್ಲ. ಸೈಟು ಹೋದರೆ ಕೋಣೆಗಳು ಖಾಲಿ. ಕೋಣೆ ಖಾಲಿಯಾದರೆ ನಾನು ಮನೆ ಮಾರಿ, ಬೆಣ್ಣೆಯನ್ನು ಇಲ್ಲಿಯ ಮಣ್ಣಿನಲ್ಲಿ ಒಬ್ಬನೇ ಬಿಟ್ಟು, ಆಕ್ಲೆಂಡಿನ ತಂಗಿಯ ಮನೆಯ ಹಿಂದಿನ ಕೋಣೆಗೆ ಸೇರಬೇಕು. ಆ ಯೋಚನೆ ಬಂದಾಗಲೆಲ್ಲ ಎದ್ದು ಹೋಗಿ ಬೀಗವನ್ನು ಇನ್ನೊಮ್ಮೆ ಜಗ್ಗಿ ನೋಡುತ್ತೇನೆ.

ಜನವರಿಯಲ್ಲಿ ಒಂದು ಕಾಗದ ಬಂತು. ನಿಮ್ಮ ವೆಬ್‌ಸೈಟಿನ ಹೆಸರಿನ ಅವಧಿ ಮುಗಿಯುತ್ತಿದೆ, ಕೂಡಲೇ ಹಣ ಕಟ್ಟಿ ನವೀಕರಿಸಿ, ತಡಮಾಡಿದರೆ ಹೆಸರು ಕಳೆದುಕೊಳ್ಳುತ್ತೀರಿ ಅಂತ. ಕೆಳಗೆ ಸಿಂಹವೋ ಕಾಂಗರೂವೋ ತಿಳಿಯದ ಒಂದು ಮುದ್ರೆ. ನನಗೆ ಅನುಮಾನ ಬಂತು. ಕಾಗದ ಹಿಡಿದು ಮೂಲಂಗಿಯ ಹತ್ತಿರ ಹೋದೆ.

ಮೂಲಂಗಿ ನನ್ನ ಗಂಡನ ಬಾಲ್ಯದ ಗೆಳೆಯ. ಉದ್ದಕ್ಕೆ, ಬೆಳ್ಳಗೆ, ಎಷ್ಟು ಬಿಸಿಲಿಗೂ ಕಪ್ಪಾಗದ ಆಳು. ದ್ವೀಪದ ಕೆಟ್ಟ ಕಂಪ್ಯೂಟರುಗಳೆಲ್ಲ ಅವನ ಮೇಜಿನ ಮೇಲೆಯೇ ಬದುಕಿಕೊಳ್ಳುವುದು. ಮದುವೆಯಾಗಲಿಲ್ಲ, ಅಕ್ಕ ಗಿಣಿಯ ಜೊತೆ ಇದ್ದ. ನನಗೂ ಅವನಿಗೂ ನಡುವೆ ಒಂದು ಹಳೆಯ ಮುನಿಸು. ಇಪ್ಪತ್ತು ವರ್ಷದ ಹಿಂದೆ ನಮ್ಮ ದೋಣಿಯ ಮೋಟರು ಕಾಣೆಯಾದಾಗ ನಾನು ಹತ್ತು ಜನರ ಮುಂದೆ ಅವನ ಹೆಸರು ಹೇಳಿದ್ದೆ. ಆಮೇಲೆ ಅದು ನನ್ನ ಮೈದುನನ ಕೊಟ್ಟಿಗೆಯಲ್ಲಿ ಸಿಕ್ಕಿತು. ನಾನು ಕ್ಷಮೆ ಕೇಳಲಿಲ್ಲ. ಕೇಳಿದರೆ ತಪ್ಪು ನನ್ನದೆಂದು ಒಪ್ಪಿಕೊಂಡಂತಾಗುತ್ತಿತ್ತು.

ಮೂಲಂಗಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. "ಇದು ಬರೀ ಬುರುಡೆ, ಚಿಲಕ. ಈ ಹೆಸರುಗಳಿವೆಯಲ್ಲ, ಇವನ್ನ ಯಾರೂ ಕೊಂಡು ಇಟ್ಕೊಳ್ಳಕ್ಕಾಗಲ್ಲ. ವರ್ಷದ ಲೆಕ್ಕದಲ್ಲಿ ಬಾಡಿಗೆ ಇದ್ದಂಗೆ. ನಿನ್ನ ಹೆಸರು ಯಾವ ಕಂಪನೀಲಿ ಬರೆಸಿದೆಯೋ ಅಲ್ಲಿಗೇ ಕಟ್ಬೇಕು. ಈ ಜನ ಪಟ್ಟಿ ನೋಡ್ಕೊಂಡು ಊರಿಗೆಲ್ಲ ಕಾಗದ ಹಾಕ್ತಾರೆ, ಹೆದರಿದೋರು ಕಟ್ತಾರೆ."

"ಹಂಗಾದ್ರೆ ಇದನ್ನೇನ್ ಮಾಡ್ಲಿ?"

"ಸುಟ್ಟಾಕು. ದುಡ್ಡು ಕಟ್ಟು, ನಂಬರ್ ಒತ್ತು ಅಂತ ಗುರುತಿಲ್ಲದೋರಿಂದ ಏನೇ ಬರ್ಲಿ, ಸುಟ್ಟಾಕು."

"ನಿಜವಾದ ಕಂಪನಿಗೆ ಯಾರು ಕಟ್ತಿದಾರೆ ಮತ್ತೆ? ಬೆಣ್ಣೆ ಹೋಗಿ ಮೂರು ವರ್ಷ ಆಯ್ತಲ್ಲ."

ಅವನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. "ಯಾರೋ ಕಟ್ತಿರ್ತಾರೆ ಬಿಡು."

ಆ 'ಯಾರೋ' ನನಗೆ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತು.

ಮರುದಿನ ಪ್ರವಾಸಿ ಕಚೇರಿಗೆ ಹೋದೆ. ಅಲ್ಲಿ ಪಿನ್ನು ಅಂತ ಒಬ್ಬಳಿದ್ದಾಳೆ, ಎರಡು ವರ್ಷದ ಕೆಲಸಕ್ಕೆ ಸಿಡ್ನಿಯಿಂದ ಬಂದವಳು. ವೆಬ್‌ಸೈಟಿನ ಹೆಸರುಗಳ ದಾಖಲೆಯನ್ನು ಯಾರು ಬೇಕಾದರೂ ತೆಗೆದು ನೋಡಬಹುದಂತೆ. ಅವಳು ನಮ್ಮ ವಸತಿಗೃಹದ ಹೆಸರು ಒತ್ತಿದಳು. ಸಂಪರ್ಕಿಸಬೇಕಾದವರು ಎನ್ನುವ ಕಡೆ ಬೆಣ್ಣೆಯ ಹೆಸರಿರಲಿಲ್ಲ, ನನ್ನದಂತೂ ಇಲ್ಲವೇ ಇಲ್ಲ. ಎಜ್ರಾ ಪಿ. ನಾಬ್ಸ್ ಅಂತಿತ್ತು. ಕೆಳಗೆ ಒಂದು ಇಮೇಲ್ ವಿಳಾಸ. ಅವಧಿ ಮುಗಿಯುವುದು ಮಾರ್ಚ್ ಹದಿನಾಲ್ಕಕ್ಕೆ.

"ಯಾರಿವನು?" ಅಂದೆ.

"ನಂಗೇನ್ ಗೊತ್ತು ಚಿಲಕಕ್ಕ, ಈ ಊರಲ್ಲಿ ನಾಬ್ಸ್ ಮನೆತನದೋರಿಗೇನು ಬರವೇ?" ಅಂದಳು. "ಆದ್ರೆ ಕಂಪನಿಯವರು ಇವನ ಮಾತು ಮಾತ್ರ ಕೇಳೋದು. ಹದಿನಾಲ್ಕಕ್ಕೆ ಇವನು ಕಟ್ಟಿಲ್ಲ ಅಂದ್ರೆ ಸೈಟು ನಿಲ್ಲುತ್ತೆ. ಆಮೇಲೂ ಮೂವತ್ತು ದಿನ ಇರುತ್ತೆ, ಅಷ್ಟರೊಳಗೆ ಕಟ್ಟಿದ್ರೆ ವಾಪಸ್ ಬರುತ್ತೆ. ಮೂವತ್ತೂ ದಾಟ್ತೋ, ಹೆಸರು ಬೀದಿಗೆ ಬಿತ್ತು ಅಂತ ಲೆಕ್ಕ. ಬೀಳೋದನ್ನೇ ಕಾಯೋ ಕಂಪನಿಗಳಿವೆ, ಕಣ್ಮುಚ್ಚಿ ತೆಗೆಯೋದ್ರೊಳಗೆ ಹಿಡ್ಕೋತಾರೆ."

"ನನ್ನ ಮನೆ ಹೆಸರು ಹಿಡ್ಕೊಂಡು ಅವರೇನು ಮಾಡ್ತಾರೆ?"

"ಜೂಜಿನ ಪುಟ ಹಾಕ್ತಾರೆ. ನಿಮ್ಮ ಹಳೇ ಗಿರಾಕಿಗಳು ಬಂದು ಬೀಳ್ತಾರಲ್ಲ."

ಮನೆಗೆ ಬಂದು ಟೆಲಿಫೋನ್ ಪುಸ್ತಕ ಪೂರ್ತಿ ಓದಿದೆ. ಬೂಟು ಇದ್ದ, ಒಂದೂವರೆ ಇದ್ದ, ಕರಿಬೆಕ್ಕು ಇದ್ದಳು. ಎಜ್ರಾ ಇರಲಿಲ್ಲ. ಅಂದರೆ ಇವನು ಇಲ್ಲಿಯವನಲ್ಲ, ಸಿಡ್ನಿಗೆ ಹೋಗಿ ನೆಲೆಸಿದ ನಾಬ್ಸ್‌ಗಳ ಪೈಕಿ ಯಾವನೋ ಎಂದುಕೊಂಡೆ. ಬೆಣ್ಣೆ ಮೆತ್ತನೆಯ ಮನುಷ್ಯ, ಯಾರೋ ಅವನ ತಲೆ ಸವರಿ ಬರೆಸಿಕೊಂಡಿದ್ದಾರೆ. ಈಗ ಅವಧಿ ಮುಗಿಯುವ ತನಕ ಸುಮ್ಮನಿದ್ದು ಆಮೇಲೆ ನನ್ನ ಕುತ್ತಿಗೆ ಹಿಡಿಯುತ್ತಾನೆ. ಊರಲ್ಲಿ ಒಬ್ಬರನ್ನು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಕೇಳಿದರೆ ಕಳ್ಳನಿಗೆ ಸುಳಿವು ಹೋಗುತ್ತದಲ್ಲ, ನಾನೇನು ದಡ್ಡಿಯೇ? ಮೂಲಂಗಿಗೆ ಮಾತ್ರ ಹೇಳಿದೆ, ಕಂಪ್ಯೂಟರ್ ಬಲ್ಲವನು ಅವನೊಬ್ಬನೇ ಆದ್ದರಿಂದ.

"ಎಜ್ರಾ ನಾಬ್ಸ್ ಅಂತ ಒಬ್ಬ ಇದಾನೆ. ನನ್ನ ಸೈಟಿನ ಹೆಸರು ಅವನ ಮುಷ್ಟೀಲಿದೆ," ಅಂದೆ.

ಮೂಲಂಗಿ ಚಹಾದ ಲೋಟ ಕೆಳಗಿಟ್ಟ. "ಇದ್ರೆ ಏನೀಗ? ಇಷ್ಟು ವರ್ಷ ಕಟ್ಕೊಂಡು ಬಂದಿದಾನಲ್ಲ."

"ಪುಕ್ಕಟೆ ಯಾರಾದ್ರೂ ಕಟ್ತಾರಾ? ಒಳಗೆ ಏನೋ ಮಸಲತ್ತಿದೆ."

"ನಿನ್ನ ಗಂಡನಿಗೆ ಬೇಕಾದವನಿರಬಹುದು, ಮಾರಾಯ್ತಿ."

"ಬೇಕಾದವನಾಗಿದ್ರೆ ಬಂದು ಮುಖ ತೋರಿಸ್ತಿದ್ದ."

ಅವನು ನಕ್ಕ. "ಬಂದು ಮುಖ ತೋರಿಸಿದ್ರೆ ನೀನು ಅವನನ್ನ ಮೊದ್ಲು ಏನು ಕೇಳ್ತೀಯ?"

"ಏನು ಕದ್ದೆ ಅಂತ ಕೇಳ್ತೀನಿ."

"ಅದೇ ಮತ್ತೆ," ಅಂದು ಮತ್ತೆ ಲೋಟ ಎತ್ತಿಕೊಂಡ.

ನಾನು ಆ ಇಮೇಲ್ ವಿಳಾಸಕ್ಕೆ ಬರೆದೆ. ವಿಧವೆಯ ಅನ್ನಕ್ಕೆ ಕೈ ಹಾಕುವ ನಾಯಿ ನೀನು, ಸತ್ತವನ ಗೆಳೆತನ ಹೇಳಿಕೊಂಡು ಬಂದ ಕಳ್ಳ, ನಿನ್ನ ತಾಯಿ ಇದ್ದಿದ್ದರೆ ನಾಚಿಕೆಯಿಂದ ಸಾಯುತ್ತಿದ್ದಳು ಎಂದು ಒಂದು ಪುಟ. ಬರೆದ ಮೇಲೆ ಮನಸ್ಸು ಹಗುರವಾಯಿತು. ಉತ್ತರ ಬರಲಿಲ್ಲ. ಕಳ್ಳನೇ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಮಾರ್ಚ್ ಮೊದಲ ವಾರ ಒಂದು ಲಕೋಟೆ ಬಂತು. ಕಳಿಸಿದವರ ಹೆಸರಿಲ್ಲ, ಆದರೆ ಅಂಚೆಯ ಠಸ್ಸೆ ನಮ್ಮ ದ್ವೀಪದ್ದೇ. ಒಳಗೆ ಅಚ್ಚು ಮಾಡಿದ ಒಂದು ಚೀಟಿ. ಅಕ್ಷರ, ಅಂಕಿ ಕಲಸಿದ ಒಂದು ಉದ್ದನೆಯ ಗುಪ್ತಸಂಖ್ಯೆ. ಹದಿನಾಲ್ಕನೇ ತಾರೀಖಿನೊಳಗೆ ಕಂಪನಿಯಲ್ಲಿ ನೀವೇ ಒಂದು ಖಾತೆ ತೆರೆದು ಈ ಸಂಖ್ಯೆ ಹಾಕಿ, ಸೈಟಿನ ಹೆಸರು ನಿಮ್ಮ ಕೈಗೆ ಬರುತ್ತದೆ, ಆಮೇಲೆ ನೀವೇ ನವೀಕರಿಸಿಕೊಳ್ಳಬಹುದು ಎಂದು ಬರೆದಿತ್ತು. ಸಹಿ ಇಲ್ಲ.

ನಾನು ಚೀಟಿಯನ್ನು ಹಿತ್ತಲಿನ ಡ್ರಮ್ಮಿಗೆ ಹಾಕಿ ಸುಟ್ಟೆ. ಬೂದಿಯನ್ನೂ ಕೋಲಿನಿಂದ ಕೆದಕಿದೆ. ನಂಬರ್ ಒತ್ತು ಅನ್ನುವ ಕಾಗದಕ್ಕೆ ಏನು ಮಾಡಬೇಕೆಂದು ನನಗೆ ಪಾಠವಾಗಿತ್ತು. ಆದರೆ ಆ ಠಸ್ಸೆ ನನ್ನ ನೆಮ್ಮದಿ ಕೆಡಿಸಿತು. ಕಳ್ಳ ಇಲ್ಲೇ, ನಮ್ಮ ನಡುವೆಯೇ ಇದ್ದಾನೆ. ಇಲ್ಲಿ ಎದುರಿಗೆ ಕಾರು ಬಂದರೆ ಎಲ್ಲರೂ ಕೈ ಎತ್ತುವುದು ರೂಢಿ. ಕೈ ಎತ್ತಿದ ಒಬ್ಬೊಬ್ಬರನ್ನೂ ನೀನೇನಾ, ನೀನೇನಾ ಎಂದು ನೋಡುತ್ತಾ ಗಾಡಿ ಓಡಿಸಿದೆ.

ಎರಡು ದಿನ ಬಿಟ್ಟು, ರಸ್ತೆಯಲ್ಲಿ ಹಸುಗಳು ಅಡ್ಡ ನಿಂತಿದ್ದವು. ಆಚೆ ಕಡೆಯಿಂದ ಬಂದ ಮೂಲಂಗಿಯೂ ಗಾಡಿ ನಿಲ್ಲಿಸಿ ಕಿಟಕಿಯಿಂದ ತಲೆ ಹಾಕಿದ.

"ಅಂಚೇಲಿ ಏನಾದ್ರೂ ಬಂತಾ ಚಿಲಕ?"

"ಬಂತು."

"ಮತ್ತೆ?"

"ಏನು ಮಾಡ್ಬೇಕಿತ್ತೋ ಮಾಡಿದೆ."

ಅವನ ಮುಖ ಅರಳಿತು. "ಹಾಗಾದ್ರೆ ಸರಿ. ಇನ್ನು ನಂಗೆ ಯೋಚ್ನೆ ಇಲ್ಲ," ಅಂದ.

ಹಸುಗಳು ಸರಿದವು, ಅವನು ಹೋದ. ನಾನು ಮಾತ್ರ ಅಲ್ಲೇ ಕೂತೆ. ಅಂಚೆಯಲ್ಲಿ ಬಂದದ್ದು ಇವನಿಗೆ ಹೇಗೆ ಗೊತ್ತು? ನಾನು ಯಾರಿಗೂ ಹೇಳಿರಲಿಲ್ಲ. ಇವನಿಗೇಕೆ ಅಷ್ಟು ಖುಷಿ? ಇವನೂ ಆ ಎಜ್ರಾನೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದಾರೆ ಅನ್ನಿಸಿತು. ಮೋಟರಿನ ವಿಷಯದಲ್ಲೂ ಅವನ ಕೈವಾಡ ಇದ್ದೇ ಇತ್ತೇನೋ, ಯಾರು ಕಂಡರು. ಮರುದಿನ ಅವನು ಎದುರಿಗೆ ಬಂದು ಕೈ ಎತ್ತಿದ. ನಾನು ಎತ್ತಲಿಲ್ಲ. ಕನ್ನಡಿಯಲ್ಲಿ ನೋಡಿದೆ, ಅವನ ಕೈ ಇನ್ನೂ ಮೇಲೇ ಇತ್ತು.

ಹನ್ನೆರಡನೇ ತಾರೀಖು ಮೂಲಂಗಿ ತನ್ನ ಗೆಣಸಿನ ಮಡಿಯಲ್ಲಿ ಬಿದ್ದ. ಗಿಣಿ ಓಡಿಹೋಗುವಷ್ಟರಲ್ಲಿ ಉಸಿರು ನಿಂತಿತ್ತು. ಹದಿನಾಲ್ಕಕ್ಕೆ ನನ್ನ ಸೈಟು ನಿಂತಿತು. ಹೆಸರು ಒತ್ತಿದರೆ ಬಿಳಿಯ ಪುಟ. ಎಜ್ರಾ ತನ್ನ ಬಣ್ಣ ತೋರಿಸಿದ ಎಂದುಕೊಂಡೆ. ಹದಿನೈದಕ್ಕೆ ಮಣ್ಣು. ಹೋಗದಿದ್ದರೆ ಜನ ಆಡಿಕೊಳ್ಳುತ್ತಾರೆ ಎಂದು ಹೋದೆ. ನಿಜ ಹೇಳಬೇಕೆಂದರೆ ಇನ್ನೊಂದು ಕಾರಣವೂ ಇತ್ತು. ಜೊತೆಗಾರನ ಮಣ್ಣಿಗೆ ಎಜ್ರಾ ಬಂದೇ ಬರುತ್ತಾನೆ, ಗುರುತಿಲ್ಲದ ಮುಖ ಯಾವುದೆಂದು ನೋಡಿಕೊಳ್ಳಬೇಕಿತ್ತು.

ಸಮುದ್ರದ ಪಕ್ಕದ ಸ್ಮಶಾನದಲ್ಲಿ ಊರೇ ನೆರೆದಿತ್ತು. ಹೆಂಗಸರು ಕಟ್ಟಿದ ಹೂಚಕ್ರಗಳು, ಗುದ್ದಲಿ ಹಿಡಿದು ನಿಂತ ಗಂಡಸರು. ನಾನು ಹಿಂದೆ ನಿಂತು ಒಂದೊಂದೇ ಮುಖ ನೋಡುತ್ತಿದ್ದೆ. ಎಲ್ಲ ಗೊತ್ತಿದ್ದವೇ. ಪಾದ್ರಿ ಪುಸ್ತಕ ತೆರೆದರು. "ನಮ್ಮ ಸಹೋದರ ಎಜ್ರಾ ಪಾರ್ಕಿನ್ ನಾಬ್ಸ್‌ನನ್ನು ಇಂದು ಮಣ್ಣಿಗೆ ಒಪ್ಪಿಸುತ್ತಿದ್ದೇವೆ" ಅಂದರು.

ಯಾರೂ ತಲೆ ಎತ್ತಲಿಲ್ಲ. ನಾನು ಪಕ್ಕದಲ್ಲಿದ್ದ ಬೂಟುವಿನ ತೋಳು ಹಿಡಿದೆ. "ಯಾರ ಹೆಸರು ಓದ್ತಿದಾರೆ?"

"ಮೂಲಂಗಿದೇ. ಯಾಕೆ, ಗೊತ್ತಿರ್ಲಿಲ್ವಾ?" ಅಂದ ಬೂಟು.

ನಾಚಿಕೆಯಾಯಿತು. ನಾನು ಬರೆದ ಆ ಪುಟದ ಒಂದೊಂದು ಮಾತೂ ನೆನಪಿಗೆ ಬಂತು, ಅದನ್ನು ಅವನು ಓದಿದ್ದಾನೆ, ಓದಿದ ಮೇಲೂ ನನ್ನನ್ನು ನೋಡಿ ಕೈ ಎತ್ತಿದ್ದಾನೆ. ಗಂಡಸರು ಮಣ್ಣು ಎಳೆಯುತ್ತಿದ್ದರು. ಎಲ್ಲರೂ ಹಾಡುತ್ತಿದ್ದರು.

ಆಮೇಲೆ ಗಿಣಿಯ ಮನೆಯಲ್ಲಿ ಚಹಾ. ಬಾಳೆಹಣ್ಣಿನ ಪಿಲ್ಹಿ, ಇಲ್ಲಿಯವರು ಒಲೆಯಲ್ಲಿ ಬೇಯಿಸುವ ಕಡುಬು, ಹೋಳು ಮಾಡಿ ಇಟ್ಟಿದ್ದರು. ಗಿಣಿ ನನ್ನನ್ನು ಅಡುಗೆಮನೆಗೆ ಕರೆದು ಕೂರಿಸಿದಳು. ಅತ್ತು ಅತ್ತು ಅವಳ ಕಣ್ಣು ಊದಿತ್ತು.

"ಬೆಣ್ಣೆ ಸೈಟು ಮಾಡಿಸಿದಾಗ್ಲೇ ಇವನ ಹೆಸರಲ್ಲಿ ಬರೆಸಿದ್ದು ಕಣೆ. ನೀನೇ ನೋಡ್ಕೋ, ಅವಳಿಗೆ ಹೇಳ್ಬೇಡ, ನಿನ್ನ ಹೆಸರು ಕೇಳಿದ್ರೆ ಮತ್ತೆ ಮೋಟರ್ ಕಥೆ ತೆಗೀತಾಳೆ ಅಂದಿದ್ನಂತೆ," ಎಂದು ಗಿಣಿ ಸಣ್ಣಗೆ ನಕ್ಕಳು. "ನಿನ್ನ ಇಮೇಲ್ ಓದಿ ಒಂದಿನ ಊಟ ಬಿಟ್ಟ. ಆಮೇಲೆ, ಅವಳ ಕೈಗೇ ಕೊಟ್ಬಿಡ್ತೀನಿ, ನನಗೂ ವಯಸ್ಸಾಯ್ತು ಅಂದ. ನಂಬರ್ ತರಿಸಿ ಅಂಚೆಗೆ ಹಾಕ್ದ. ಕೈಯಲ್ಲಿ ಕೊಟ್ರೆ ಅನುಮಾನ ಪಡ್ತಾಳೆ ಅಂತ."

ನಾನು ತಟ್ಟೆಯಲ್ಲಿದ್ದ ಹೋಳನ್ನು ಚೂರು ಚೂರು ಮಾಡುತ್ತಿದ್ದೆ.

"ಹಸು ಅಡ್ಡ ಬಂದ ದಿನ ಮನೆಗೆ ಬಂದು ಹೇಳ್ದ, ಅವಳು ಹಾಕ್ಕೊಂಡ್ಳಂತೆ, ಮುಗೀತು ಅಂತ. ಎಷ್ಟು ಸಮಾಧಾನ ಆಗಿತ್ತು ಗೊತ್ತಾ ಅವನಿಗೆ." ಗಿಣಿ ಕಪಾಟಿನಿಂದ ಒಂದು ಹಳೆಯ ನೋಟುಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. "ಪಾಸ್‌ವರ್ಡು ಗೀಸ್‌ವರ್ಡು ಎಲ್ಲ ಇದ್ರಲ್ಲಿ ಬರೆದಿದಾನೆ. ನಾನು ಹೋದ್ಮೇಲೆ ಇದನ್ನ ಸುಟ್ಬಿಡು, ಊರೋರ ಗುಟ್ಟೆಲ್ಲ ಇದೆ ಅಂತಿದ್ದ. ನಿಂದೇನಾದ್ರೂ ಬಾಕಿ ಉಳಿದಿದ್ರೆ ಈಗ್ಲೇ ನೋಡ್ಕೋ. ಆ ನಂಬರ್ ಹಾಕಿದ್ಯಲ್ಲ, ಚಿಲಕ?"

ಪುಸ್ತಕ ನನ್ನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಆ ಚೀಟಿ ಸುಟ್ಟೆ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಗಿಣಿ ನನ್ನ ಮುಖವನ್ನೇ ನೋಡುತ್ತಿದ್ದಳು, ತಮ್ಮನ ಆ ಸಮಾಧಾನವನ್ನು ನನ್ನ ಬಾಯಿಂದ ಇನ್ನೊಮ್ಮೆ ಕೇಳಬೇಕೆಂಬಂತೆ.

"ಹಾಕಿದೆ, ಗಿಣಿ. ಅವತ್ತೇ ಹಾಕಿದೆ," ಅಂದೆ.

ಅವಳು ನನ್ನ ಕೈ ಒತ್ತಿ, ಪುಸ್ತಕ ಎತ್ತಿಕೊಂಡು ಸುಡಲು ಹಿತ್ತಲಿಗೆ ಹೋದಳು. ಹೆಸರು ಬೀದಿಗೆ ಬೀಳಲು ಇನ್ನೂ ಇಪ್ಪತ್ತೊಂಬತ್ತು ದಿನ ಇತ್ತು.