ಘಟ್ಟದ ಹೂವಿಗೆ ಮಲ್ಲಿಗೆಯ ಕತ್ತರಿ

ಮಣ್ಣಗುಡ್ಡದಲ್ಲಿ ನಮ್ಮ ಮನೆಗೂ ಹೆಲನ್ ಬಾಯಿಯ ಮನೆಗೂ ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಮುರಕಲ್ಲಿನ ಗೋಡೆ. ಅದರ ಮೇಲಿಂದ ದಿನಾ ಏನಾದರೊಂದು ದಾಟುತ್ತಿತ್ತು: ನಮ್ಮಿಂದ ಬಂಗುಡೆ ಮೀನು, ಅವರಿಂದ ಪೇರಳೆ, ಎರಡೂ ಕಡೆಯಿಂದ ಮಾತು. ಅಪ್ಪ ಗಿರಿಯಪ್ಪನವರಿಗೆ ಬಂದರಿನಲ್ಲಿ ಒಣಮೀನಿನ ವ್ಯಾಪಾರ. ಹೆಲನ್ ಬಾಯಿ ಹುಡುಗಿಯರ ಶಾಲೆಯಲ್ಲಿ ಟೀಚರು, ಒಂಟಿ ಜೀವ. ನಾನಾಗ ಇಂಟರ್‌ಮೀಡಿಯೆಟ್, ಹೆಸರಿಗೆ ತಕ್ಕಂತೆ ಪಾಸಿಗೂ ಫೇಲಿಗೂ ನಡುವೆ ನಿಂತಿದ್ದೆ. ಕಂಡವರ ಸ್ವರ ಅನುಕರಿಸಿ ನಗಿಸುವುದರಲ್ಲಿ ಮಾತ್ರ ಬೀದಿಗೆಲ್ಲ ಹೆಸರು.

ಹೆಲನ್ ಬಾಯಿಯ ಬಾವಿಕಟ್ಟೆಯ ಪಕ್ಕ, ಬಿಸಿಲು ಬೀಳದ ಕಡೆ, ಒಂದು ಹೈಡ್ರಾಂಜಿಯ ಗಿಡವಿತ್ತು. ಮಡಿಕೇರಿ ಕಡೆಯ ಕಾಫಿತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಅವರ ತಮ್ಮ ಒಮ್ಮೆ ರಜೆಗೆ ಬರುವಾಗ ಒದ್ದೆ ಗೋಣಿಯಲ್ಲಿ ಸುತ್ತಿ ಮೂರು ಕಡ್ಡಿ ತಂದುಕೊಟ್ಟಿದ್ದ. ನಮ್ಮೂರಿನ ಸೆಕೆಗೆ ಎರಡು ಸತ್ತು ಒಂದು ಬದುಕಿತು. ಮರುವರ್ಷ ತಮ್ಮನೇ ಜ್ವರದಲ್ಲಿ ತೀರಿಕೊಂಡ. ಅಂದಿನಿಂದ ಅವನು ಹೋದ ದಿನ, ಜುಲೈ ಹನ್ನೆರಡರಂದು, ಅವನ ಫೋಟೋದ ಕೆಳಗೆ ಆ ಗಿಡದ ಒಂದು ನೀಲಿ ಗೊಂಚಲನ್ನು ಗ್ಲಾಸಿನ ನೀರಿನಲ್ಲಿ ಇಡುವುದು ಅವರ ಕ್ರಮ. ಹೂವಿನ ಹೆಸರು ನಾಲಗೆಗೆ ಹತ್ತದೆ ನಮ್ಮಮ್ಮ ಲಕ್ಷ್ಮಿ ಅದನ್ನು ಘಟ್ಟದ ಹೂ ಎನ್ನುತ್ತಿದ್ದರು.

ಮೂವತ್ತನಾಲ್ಕನೇ ಇಸವಿಯ ಜುಲೈಯಲ್ಲಿ, ಆ ದಿನ ಕಳೆದ ಮೇಲೆ, ಹೆಲನ್ ಬಾಯಿ ಟ್ರೈನಿಂಗಿಗೆಂದು ಮದ್ರಾಸಿಗೆ ಹೊರಟರು. ಬರುವುದು ಏಪ್ರಿಲ್‌ಗೆ. ಹೋಗುವಾಗ ಬೀಗದ ಕೈಯನ್ನೂ ಗಿಡವನ್ನೂ ಅಮ್ಮನಿಗೆ ಒಪ್ಪಿಸಿದರು. ಮಳೆ ನಿಂತ ಮೇಲೆ ದಿನಕ್ಕೊಂದು ಕೊಡಪಾನ ನೀರು, ಅಷ್ಟೇ ಸಾಕೆಂದರು.

ಅಷ್ಟೇ ಸಾಕೆಂದರೆ ಅಮ್ಮನಿಗೆ ಸಾಲುತ್ತಿರಲಿಲ್ಲ. ನಮ್ಮ ಅಂಗಳದಲ್ಲಿ ಹನ್ನೆರಡು ಮಲ್ಲಿಗೆ ಬುಡಗಳಿದ್ದವು. ಅಮ್ಮನ ಕೈಗುಣದ ಹೆಸರು ಉರ್ವದವರೆಗೂ ಹಬ್ಬಿತ್ತು. ಮಳೆ ಹಿಂದಾದ ಕೂಡಲೇ ಅವರು ಎಲೆ ಉದುರಿಸಿ, ಹಳೆಯ ಗೆಲ್ಲುಗಳನ್ನೆಲ್ಲ ಗೇಣುದ್ದಕ್ಕೆ ಕತ್ತರಿಸಿ, ಬುಡಕ್ಕೆ ಕೊಳೆತ ಬೂತಾಯಿ ಮೀನಿನ ಗೊಬ್ಬರ ಹಾಕುತ್ತಿದ್ದರು. ವಾರಗಟ್ಟಲೆ ಬೀದಿಗೆಲ್ಲ ವಾಸನೆ, ಆಮೇಲೆ ತಿಂಗಳುಗಟ್ಟಲೆ ಬೀದಿಗೆಲ್ಲ ಸುವಾಸನೆ.

ಆ ನವೆಂಬರಿನಲ್ಲಿ ಮಲ್ಲಿಗೆಯ ಕೆಲಸ ಮುಗಿಸಿದ ಅಮ್ಮ ಕತ್ತರಿ ಕೈಯಲ್ಲಿರುವಂತೆಯೇ ಘಟ್ಟದ ಹೂವಿನ ಮುಂದೆ ನಿಂತರು. ಎಲೆ ಅರ್ಧ ಉದುರಿ ಗಿಡ ಒಣಕಲಾಗಿತ್ತು. ಗೋಡೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದ ನನ್ನನ್ನು ಕೇಳಿದರು, “ಪ್ರೇಮಾ, ನೀನು ಗಿಡಗಳ ಪಾಠ ಕಲೀತಿಯಲ್ಲ. ಇದಕ್ಕೂ ಮಲ್ಲಿಗೆಯ ಕ್ರಮವೇ ಅಲ್ವಾ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನನ್ನ ಸ್ವರ ಬೇಕಿತ್ತು. ನನ್ನ ಬಾಯಲ್ಲಿ ಆ ಹೊತ್ತು ಇದ್ದದ್ದು ನಮ್ಮ ಸಸ್ಯಶಾಸ್ತ್ರದ ಮಾಸ್ತರರದ್ದು. ಮೂಗಿನಲ್ಲಿ ಹೊರಟು ಗಂಟಲಲ್ಲಿ ತಂಗಿ ಹೋಗುವ ಆ ರಾಗದಲ್ಲಿ ಎಂದೆ, “ಹಳೇ ಕಡ್ಡಿಗಳನ್ನು ಇಟ್ಟುಕೊಂಡು ಎಂತ ಮ್ಯೂಸಿಯಂ ಮಾಡ್ತೀರಾ ಅಮ್ಮಾ? ತೆಗೆಯಿರಿ, ತೆಗೆಯಿರಿ.”

ಅಮ್ಮ ನಕ್ಕರು. ನಗುತ್ತಲೇ ಕತ್ತರಿಸಿದರು.

ಏಪ್ರಿಲ್‌ನಲ್ಲಿ ಹೆಲನ್ ಬಾಯಿ ಬಂದಾಗ ಗಿಡ ಅಗಲಗಲ ಎಲೆ ಬಿಟ್ಟು ಮೊದಲಿಗಿಂತ ಪುಷ್ಟಿಯಾಗಿತ್ತು. ಅಮ್ಮ ಬಾಣಂತಿಯನ್ನು ತೋರಿಸುವ ಸೂಲಗಿತ್ತಿಯ ಹಾಗೆ ಪಕ್ಕದಲ್ಲಿ ನಿಂತಿದ್ದರು. ಮೇ ಕಳೆಯಿತು. ಮಳೆ ಹಿಡಿಯಿತು. ಎಲೆಯ ಮೇಲೆ ಎಲೆ ಬಂತೇ ಹೊರತು ಒಂದು ಮೊಗ್ಗು ಬರಲಿಲ್ಲ. ಅಮ್ಮ ಗೋಡೆಯ ಬಳಿಗೆ ಹೋಗುವುದನ್ನು ಕಡಿಮೆ ಮಾಡಿದರು. ಊಟಕ್ಕೆ ಕೂತರೆ ಅರ್ಧದಲ್ಲೇ ಎದ್ದುಬಿಡುತ್ತಿದ್ದರು. ಅಪ್ಪ ಕೇಳಿದರೆ ಸೆಕೆ ಎನ್ನುತ್ತಿದ್ದರು, ಹೊರಗೆ ಧಾರಾಕಾರ ಮಳೆ.

ನಾನು ಕಾಲೇಜಿನ ಲೈಬ್ರರಿಯಲ್ಲಿ ತೋಟಗಾರಿಕೆಯ ಒಂದು ದಪ್ಪ ಪುಸ್ತಕ ತೆಗೆಸಿ ನೋಡಿದೆ. ಈ ಗಿಡದ ಮೊಗ್ಗು ಹಿಂದಿನ ವರ್ಷದ ಕಡ್ಡಿಯ ತುದಿಯಲ್ಲೇ ತಿಂಗಳುಗಟ್ಟಲೆ ಮಲಗಿರುತ್ತದೆ; ಕತ್ತರಿಸುವುದಾದರೆ ಹೂ ಬಾಡಿದ ಕೂಡಲೇ ಕತ್ತರಿಸಬೇಕು, ಆಮೇಲೆ ಮುಟ್ಟಬಾರದು. ಹೊಸ ಚಿಗುರಿನಲ್ಲಿ ಹೂಬಿಡುವ ಮಲ್ಲಿಗೆಗೆ ಯಾವುದು ಆರೈಕೆಯೋ ಇದಕ್ಕೆ ಅದೇ ಶಿರಚ್ಛೇದ. ಮ್ಯೂಸಿಯಮ್ಮಿನ ಮಾತು ನೆನಪಾಗಿ ಪುಸ್ತಕ ಮುಚ್ಚಿದೆ.

ಜುಲೈ ಹನ್ನೆರಡರ ಬೆಳಿಗ್ಗೆ ಅಮ್ಮ ತಾವು ಹೋಗಲಾರದೆ ನನ್ನ ಕೈಯಲ್ಲಿ ದಾರದಲ್ಲಿ ಕಟ್ಟಿ ಸುತ್ತಿದ ಒಂದು ಚೆಂಡು ಮಲ್ಲಿಗೆ ಕೊಟ್ಟು ಕಳಿಸಿದರು. ಒಳಗೆ ತಮ್ಮನ ಫೋಟೋದ ಕೆಳಗೆ ಗ್ಲಾಸು ಇತ್ತು. ಅದರಲ್ಲಿ ಬರೀ ನೀರು.

“ಟೀಚರ್, ಗಿಡ ಕತ್ತರಿಸ್ಲಿಕ್ಕೆ ಹೇಳಿದ್ದು ನಾನು” ಎಂದೆ.

ಹೆಲನ್ ಬಾಯಿ ಗ್ಲಾಸಿನಿಂದ ಕಣ್ಣೆತ್ತಿದರು. “ನೀನಾ? ಲಕ್ಷ್ಮಿಯಕ್ಕ ಕಳೆದ ತಿಂಗಳೇ ಬಂದು ಅತ್ತು ಹೋಗಿದ್ದಾರೆ. ತನ್ನದೇ ತಪ್ಪು ಅಂದ್ರು. ನಿನ್ನ ಹೆಸರು ಎತ್ತಲೇ ಇಲ್ಲ.”

ನಾನು ಮಲ್ಲಿಗೆಯನ್ನು ಚಾಚಿದೆ. ಅವರು ತೆಗೆದುಕೊಂಡರು.

“ಯಾರ ಸ್ವರದಲ್ಲಿ ಹೇಳಿದ್ದು?”

ಹೇಳಿದೆ. ಅವರ ಅಪ್ಪಣೆಯಾದ್ದರಿಂದ ಆ ರಾಗದಲ್ಲೇ ಒಪ್ಪಿಸಿದೆ. ಅವರ ತುಟಿ ಅಲುಗಿತು, ನಗುವೋ ಅಳುವೋ ತಿಳಿಯಲಿಲ್ಲ. “ಇಷ್ಟು ಜನರ ಸ್ವರ ಇಟ್ಟುಕೊಂಡಿದ್ದೀ. ನಿನ್ನದು ಅಂತ ಒಂದಾದ್ರೂ ಉಂಟಾ ಮಾರಾಯ್ತಿ?” ಎಂದು ಕೇಳಿ, ಮಲ್ಲಿಗೆಯನ್ನು ಗ್ಲಾಸಿನ ಪಕ್ಕದಲ್ಲಿಟ್ಟರು. ಗ್ಲಾಸಿನೊಳಗೆ ಇಡಲಿಲ್ಲ.

ಆ ವರ್ಷ ನವೆಂಬರಿನಲ್ಲಿ ಅಮ್ಮ ಮಲ್ಲಿಗೆ ಮುಗಿಸಿ, ಕತ್ತರಿಯನ್ನು ಅಕ್ಕಿ ತುಂಬಿದ ಕಲಸೆಯಲ್ಲಿ ಹುಗಿದಿಟ್ಟರು. ಆದರೆ ಸುಮ್ಮನಿರುವುದು ಅವರ ಜಾತಕದಲ್ಲಿರಲಿಲ್ಲ. ಕತ್ತರಿ ಬೇಡವಾದರೆ ಔಷಧವಾದರೂ ಮಾಡೋಣವೆಂದು, ಹೆಲನ್ ಬಾಯಿ ಶಾಲೆಗೆ ಹೋದ ಹೊತ್ತು ನೋಡಿ, ಸುಟ್ಟ ಮರುವಾಯಿ ಚಿಪ್ಪಿನ ಸುಣ್ಣವನ್ನು ನೀರಲ್ಲಿ ಕದಡಿ ತಿಂಗಳು ತಿಂಗಳು ಬುಡಕ್ಕೆ ಹೊಯ್ದರು. ನಾನು ಕಂಡೆ, ತಡೆಯಲಿಲ್ಲ. ಪುಸ್ತಕದ ಮುಂದಿನ ಪುಟವನ್ನು ನಾನು ಓದಿರಲಿಲ್ಲ.

ಜೂನ್‌ನಲ್ಲಿ ಮೊಗ್ಗು ಬಂತು. ಒಂದಲ್ಲ, ಏಳು ಗೊಂಚಲು. ಅಮ್ಮ ಮತ್ತೆ ಗೋಡೆಯ ಬಳಿ ನಿಲ್ಲತೊಡಗಿದರು, ಹೊಟ್ಟೆ ತುಂಬ ಉಂಡರು. ಹೂವು ಅರಳಿ ಬಣ್ಣ ಏರಿದಾಗ ಏಳಕ್ಕೆ ಏಳೂ ಗುಲಾಬಿ. ನಮ್ಮೂರ ಕೆಂಪು ಮಣ್ಣಿನ ಹುಳಿಯಿಂದ ಬರುತ್ತಿದ್ದ ನೀಲಿಯನ್ನು ಅಮ್ಮನ ಸುಣ್ಣ ತಿಂದುಹಾಕಿತ್ತು.

ಹನ್ನೆರಡನೇ ತಾರೀಕು ಅಮ್ಮ ನನ್ನನ್ನೂ ಎಳೆದುಕೊಂಡು ಹೋದರು. ಗಿಡದ ಮುಂದೆ ನಿಂತು ಸುಣ್ಣದ ಕತೆಯನ್ನು ಪೂರ್ತಿ ಹೇಳಿದರು. ಹೆಲನ್ ಬಾಯಿ ಮಳೆಯಲ್ಲಿ ನೆನೆಯುತ್ತಲೇ ಒಂದು ಗೊಂಚಲು ಕೊಯ್ದು ಒಳಗೆ ಹೋದರು. ಅದನ್ನು ಫೋಟೋದ ಕೆಳಗಿನ ಗ್ಲಾಸಿನಲ್ಲಿಟ್ಟರು.

“ಅವನು ಹುಡುಗಿಯರ ಎದುರು ಹೀಗೇ ಕೆಂಪಾಗ್ತಿದ್ದ ಲಕ್ಷ್ಮಿಯಕ್ಕ” ಎಂದರು. “ಮರೆತೇ ಹೋಗಿತ್ತು ನನಗೆ.”

ಆಗಸ್ಟಿನಲ್ಲಿ ಉಳಿದ ಹೂ ಬಾಡಿತು. ಕತ್ತರಿಸುವ ಹೊತ್ತು. ಹೆಲನ್ ಬಾಯಿ ತಮ್ಮ ಮನೆಯ ಕತ್ತರಿಯನ್ನು ಗೋಡೆಯ ಮೇಲಿಂದ ಅಮ್ಮನತ್ತ ಚಾಚಿದರು. ಅಮ್ಮ ಬೇಡವೆಂದರು. ಹೆಲನ್ ಬಾಯಿ ಚಾಚಿದ ಕೈ ಹಿಂತೆಗೆಯಲಿಲ್ಲ. ಕೊನೆಗೆ ಅಮ್ಮ ಗೋಡೆ ಸುತ್ತಿಕೊಂಡು ಆಚೆಗೆ ಹೋಗಿ ಗಿಡದ ಬಳಿ ಕುಕ್ಕರುಗಾಲಲ್ಲಿ ಕೂತರು. ಉರ್ವದವರೆಗೂ ಹೆಸರಿದ್ದ ಆ ಕೈ ಒಂದೊಂದು ಕಡ್ಡಿ ಹಿಡಿದಾಗಲೂ ನಿಂತು ಕೇಳುತ್ತಿತ್ತು.

“ಇಲ್ಲಿಯಾ ಬಾಯಿ?”

“ಇನ್ನೂ ಸ್ವಲ್ಪ ಮೇಲೆ. ಹಾಂ, ಅಲ್ಲಿ.”